ಎಂಜಿನಿಗಿ ತೆಂಗಿನ ನೀರು

ಏ ಏ, ನಟ್ ತಿರುವೋ ಪಾನಾ ಯಾಕ ಕೆಳಗ ಇಟ್ರಿ ಗೌಸ ಭಾಯಿ? ಇಷ್ಟ ಜಲ್ದಿ ಮುಗೀತೇನು? ಇಲ್ರಿ, ಇಲ್ಲ. ನೀವು ಬರೇ ಬ್ಯಾಟರಿ ಅಷ್ಟೇ ನೋಡೀರಿ. ನಾ ಹೇಳ್ತೇನಿ ಕೇಳ್ರಿ, ಇದು ಸೆಲ್ಫ್ ಮೋಟರದ್ದೇ ಕೆಲಸ. ಚಾವಿ ತಿರುವಿದ್ರ... ಗರ್ರ್... ಗರ್ರ್... ಗ... ಮುಗೀತು! ಸಾಲಿಗಿ ಎಬ್ಬಿಸಿದ ಹುಡುಗ ಹೊಳ್ಳಿ ಮಲಕೋತದಲ್ಲ, ಹಂಗ. ನಾಕ ಸಲ ತಿರುವಿದ್ರ ಒಮ್ಮಿ ಹತ್ತತದ. ಸೆಲ್ಫ್ ಬಿಚ್ರಿ. ಬಿಚ್ಚಿ ಇಡ್ರಿ. ಎರಡ್ಮೂರು ದಿನ ಗಾಡಿ ಇಲ್ಲೇ ನೌಬಾದದಾಗ ನಿಮ್ಮ ಗ್ಯಾರೇಜ್ ಮುಂದ ನಿಲ್ಲಲಿ, ನನಗೇನು ಅವಸರಿಲ್ಲ.

ಯಾಕ ಹಂಗ ನೋಡಲತ್ತೀರಿ? ...ಹೌದು, ಬಂದ ಕೂಡಲೇ ನಾನೇ ಅಂದೆ. ಇವತ್ತೇ ಔರಾದಕ್ಕ ಹೋಗಬೇಕು, ಮಗಳಿಗಿ ಕರ್ಕೊಂಡು ಬರಬೇಕು ಅಂತ. ಅವಸರ ಅದ, ಇಲ್ಲಂತಲ್ಲ. ಆದ್ರ ಗಾಡಿ ನಡೀಬೇಕಲ್ರಿ! ಕೇತಕಿದು ಚೊಚ್ಚಲ ಬಾಣಂತನ. ಕುಬಸಾ ಆಗ್ಯದ, ಇನ್ನ ತವರಿಗಿ ಬರಬೇಕು. ನಾಳೆ ಅಮಾಸಿ. ಅಮಾಸಿ ದಿನ ಬಸುರಿಗಿ ಹೊಸ್ತಿಲ ದಾಟಸಂಗಿಲ್ಲ ಅಂತ ನಮ್ಮ ಬೀಗತಿ ಸುಂದರಬಾಯಿ ಹಟ ಹಿಡದು ಕೂತಾರ. ಅಳಿಯ ಆಶೀಷ, 'ನಾನೇ ತಂದು ಬಿಡ್ತೇನಿ ಮಾಮಾ' ಅಂದ. ನಾ ಬ್ಯಾಡ ಅಂದೆ. ಎಷ್ಟು ಜೋರಿಲೆ ಅಂದೆ! ತವರಿನ ಗಾಡಿ ಬಾಗಲಿಗಿ ಬರಬೇಕು, ಅಪ್ಪ ಹೊಡಕೊಂಡು ಬರಬೇಕು, ಅದೇ ನಮ್ಮ ಪದ್ಧತಿ ಅಂದೆ. ಸರ್ವೇ ಖಾತೆದಾಗ ಇದ್ದಾಗ ಜಿಲ್ಲಾ ತುಂಬ ಜೀಪ ಹೊಡದವ ಈ ಗೋವಿಂದರಾವ, ಔರಾದ ಯಾವ ಲೆಕ್ಕ ಅಂದೆ. ಬಾಯಿ ಭಾಳ ಅದರಿ ನನಗ.

ಎಲ್ಲಿ? ಏನು ತೋರಸಲತ್ತೀರಿ... ಅರ್ಥಿಂಗ್ ವಯರ್? ತಡೀರಿ, ಚಷ್ಮಾ ಹಾಕೋತೇನಿ... ಅಯ್ಯಯ್ಯ! ಇದೇನ್ರಿ, ಹಸಿರ ಬೂಷ್ಟ ಬಂದದ! ಒಳಗ ಕುಂಕಮ ಬ್ಯಾರೆ...

ನಗ್ರಿ, ನಗ್ರಿ. ಇದು ನನ್ನ ಹೆಂಡ್ತಿ ಸುಲಭಾನ ಕೆಲಸ! ದಸರಾದಾಗ ಖಂಡೇ ಪೂಜಿ ಮಾಡಿದ್ವಲ್ಲ. ಮಂದಿ ಏನ್ ಮಾಡ್ತಾರ, ಗಾಲಿ ಕೆಳಗ ಲಿಂಬಿಹಣ್ಣು ಇಡ್ತಾರ, ಬಾನೆಟ್ಟಿಗಿ ಕುಂಕಮ ಹಚ್ಚತಾರ, ಮುಗೀತು. ನಮ್ಮಕಿ ಏನಂದ್ಳು ಗೊತ್ತದೇನು? 'ಅಹೋ, ಮ್ಯಾಲಿನ ತಗಡಿಗಿ ಯಾಕ ಪೂಜಿ? ದುಡಿಯೋದು ಒಳಗಿಂದಲ್ಲ, ಬಾನೆಟ್ ತೆಗೀರಿ.' ತೆಗದೆ. ಬ್ಯಾಟರಿಗಿ ಅರಿಷಿಣ-ಕುಂಕಮ ಹಚ್ಚಿದ್ಳು. ಕಾಯಿ ಒಡದು, ನೀರೆಲ್ಲಾ ಅದರ ನೆತ್ತಿ ಮ್ಯಾಲ ಸುರದ್ಳು, ತೀರ್ಥ ಕೊಟ್ಟಂಗ! ನಾ ಬಾಜುಕ ನಿಂತು ಕೈ ಮುಗಿದೆ. ಶ್ಯಾಣ್ಯಾ ನಾನು, ನೋಡ್ರಿ.

ಹಾಂ... ಹಾಂ... ಹಂಗಂತೀರಿ? ಬ್ಯಾಟರಿದಾಗ ಕರೆಂಟ್ ಬರೋಬ್ಬರಿ ಅದ, ಈ ಬೂಷ್ಟ ದಾಟಿ ಸೆಲ್ಫಿಗಿ ಪೂರ್ತಿ ಮುಟ್ಟಲತ್ತಿಲ್ಲ... ಲೈಟು, ಹಾರನ್‌ಗೆ ಜರಾ ಸಾಕು, ಸೆಲ್ಫಿಗಿ ಭಾಳ ಬೇಕು... ಅದಕ್ಕೇ ಲೈಟ್ ಚೊಲೋ ಉರದ್ರೂ ಎಂಜಿನ್ ತಿರಗವಲ್ದು. ಮತ್ತ ಈ ಥಂಡಿ ಬ್ಯಾರೆ. ತಿಳೀತು. ಆದ್ರೂ... ಸೆಲ್ಫೂ ಕೆಟ್ಟಿರಬೇಕು ನೋಡ್ರಿ. ಎರಡೂ ಕೆಟ್ಟಿರಬಹುದಲ್ಲ?

ಫೋನ್... ಅಕಿದೇ. ಕೇತಕಿದು. ಬಡೀಲಿ ಬಿಡ್ರಿ. ಮುಂಜಾನಿಂದ ಎಷ್ಟ ಸಲ ಮಾಡ್ಯಾಳ. 'ಹೊಂಟ್ರೇನು ಅಪ್ಪಾ? ಸಂತಪುರ ದಾಟಿದ್ರೇನು ಅಪ್ಪಾ?' ಮನಿದಾಗೇ ಇದ್ದೆ, ಅಕಿಗಿ ಸಂತಪುರ ಕಾಣಲತ್ತಿತ್ತು! ಬ್ಯಾಗ ತುಂಬಿ, ಕಟ್ಟಿ ಮ್ಯಾಲ ಇಟಗೊಂಡು ಕುಂತಾಳಂತ. ...ಎತ್ತಿದ್ರ ಏನ್ ಹೇಳ್ಲಿ? ಗಾಡಿ ಹತ್ತವಲ್ದವ್ವ ಅಂತ ಹೇಳ್ಲಿ? ಹೇಳಬಹುದು. ಖರೇನೇ ಅದಲ್ಲ ಅದು.

ಬಿಸಿ ನೀರು ಹಾಕಿದ್ರಿ. ಆಹಾ, ಹ್ಯಾಂಗ ನೊರಿ ಬಂತು ನೋಡ್ರಿ. ಸಾವಕಾಶ ಮಾಡ್ರಿ, ಸಾವಕಾಶ. ಚಾ ಹೇಳ್ಲೇನು? ...ತಿಕ್ಕೂದೂ ಆಯ್ತೇನು? ವಯರ್ ಬಿಗದ್ರಿ, ಗ್ರೀಸೂ ಹಚ್ಚಿದ್ರಿ... ಇಷ್ಟು ಚುರುಕ ಯಾವಾಗಿಂದ ಆದ್ರಿ ಮಾರಾಯ್ರ! ಹೋದ ವರ್ಷ ಒಂದು ಟಾಯರ್ ಬದಲಿ ಮಾಡ್ಲಿಕ್ಕ ಅರ್ಧಾ ದಿನ ಕುಂದ್ರಿಸಿದ್ರಿ.

ನಾ ಹೊಡೀಲೇನು ಸೆಲ್ಫ್? ಇಲ್ಲ... ನೀವೇ ಹೊಡೀರಿ. ನಾ ಇಲ್ಲೇ ನಿಂತು ಕೇಳ್ತೇನಿ.

...

ಹತ್ತಿತು.

ಆರಿಸ್ರಿ. ಆರಿಸಿ ಇನ್ನೊಮ್ಮಿ ಹೊಡೀರಿ. ...ಮತ್ತ ಹತ್ತಿತು. ಒಂದೇ ಏಟಿಗಿ. ...ಛೇ ಛೇ, ಖುಷಿ ಆಗ್ಯದರಿ! ಯಾಕ ಆಗಂಗಿಲ್ಲ? ನನ್ನ ಮುಖನೇ ಹಿಂಗ. ಆದ್ರ ಬ್ರೇಕ್... ಬ್ರೇಕ್ ಒಮ್ಮಿ ನೋಡಿಬಿಡ್ರಿ. ಒತ್ತಿದ್ರ ಕೆಲವೊಮ್ಮಿ... ಏನಿಲ್ಲ. ಹಂಗೇ ಬಾಯಿಗಿ ಬಂತು.

ಎಲ್ಲಿ ಹೊಂಟ್ರಿ? ಮುಂದ ಏನದ? ಬಂಪರಾ? ಅದೇನಿಲ್ರಿ, ಜರಾ ತಗ್ಗಾಗ್ಯದ. ಸೋಮವಾರ ಭಾಲ್ಕಿಗಿ ಹೋಗಿದ್ದೆ, ತಂಗಿ ಮನಿಗಿ. ನಮ್ಮ ಹಳೀ ತೊಟ್ಲ ಅಕಿ ಬಲ್ಲೇ ಇತ್ತು. ಕೇತಕಿನ್ನ ತೂಗಿದ ತೊಟ್ಲ. ಟಾಪಿಗಿ ಕಟ್ಟಗೊಂಡು ತಂದೆ. ಹೊಳ್ಳಿ ಬರ್ತಾ ಹಲಬರ್ಗಾದಾಗ ಚಾ ಕುಡದೆ, ಮನಿಗಿ ಬಂದೆ. ಅಷ್ಟೇ. ದಾರ್ಯಾಗ ಏನೂ ಆಗಿಲ್ಲ. ನೀವೇನು ಕೇಳಿಲ್ಲ, ಹೌದು, ನಾನೇ ಹೇಳಲತ್ತೀನಿ.

ಅದೇನದು ನಿಮ್ಮ ಕೈಯಾಗ? ನಂಬರ್ ಪ್ಲೇಟಿಗಿ ಸಿಕ್ಕಿತ್ತೇನು? ಅರಳಿ ಇರಬೇಕ್ರಿ. ಹತ್ತಿ ಗಾಡಿ ಹೊಂಟಿರ್ತಾವಲ್ಲ, ಹಾರಿ ಬಂದು ಕುಂತಿರ್ತದ... ಕರೀ ಹತ್ತಿ ಎಲ್ಲಿಂದ ಬರ್ತದ ಅಂತ ನನ್ನ ಯಾಕ ಕೇಳ್ತೀರಿ! ಕಂಬಳಿದು ಇರಬೇಕು. ಯಾರ್ದೋ ಕಂಬಳಿ...

ಗೌಸ ಭಾಯಿ, ಬಿಡ್ರಿ ಅದನ್ನ.

ಬೈರಿ ಬೇಕಾದ್ರ. ಕೈಯಾಗ ಹಿಡದು ಅದನ್ನೇನು ನೋಡ್ತೀರಿ, ಒಗೀರಿ ಅತ್ಲಾಗ! ...ನನ್ನ ಕಾಲ ಯಾಕ ನೋಡಲತ್ತೀರಿ?

...ಕುರಿ ಕೂದ್ಲ ಅದ. ಆಯ್ತಲ್ಲ? ಕುರಿ ಕೂದ್ಲ.

ದೂರದಿಂದೇ ಕಂಡಿತ್ರಿ ಹಿಂಡು. ನಾ ನೋಡ್ಲಿಲ್ಲಂತಲ್ಲ. ಹಲಬರ್ಗಾದ ಕುರಿ ಕಾಯೋ ಬಕ್ಕಪ್ಪನ ಹಿಂಡು, ರಸ್ತಾ ದಾಟಲತ್ತಿತ್ತು. ಬ್ರೇಕ್ ಒತ್ತಬೇಕಂತ ತೆಲಿದಾಗ ಬಂತು. ಕಾಲಿಗಿ ಹೇಳ್ದೆ. ಕಾಲ ಕೇಳ್ಲಿಲ್ಲ. ಈ ಬಲಗಾಲ... ಇಲ್ಲೇ ಇತ್ತು, ಕಣ್ಣಿಗಿ ಕಾಣಲತ್ತಿತ್ತು, ನಂದಲ್ಲ ಅನ್ನೋಹಂಗ ಬಿದ್ದಿತ್ತು. ಕೈಲೆ ಹಿಡದು ಎತ್ತಿದೆ ಗೌಸ ಭಾಯಿ, ಮೊಳಕಾಲ ಹಿಡದು! ಗಾಡಿ ರಸ್ತಾ ಇಳದು ಹೊಲದಾಗ ಹೋಗಿ ನಿಂತಿತು. ಒಂದು ಕುರಿ ಬಿದ್ದಿತ್ತು. ಸತ್ತಿಲ್ರಿ, ಎದ್ದಿತು. ಬಕ್ಕಪ್ಪ ಓಡಿ ಬಂದ. ಕುರಿ ಹೊಟ್ಟಿ ಮ್ಯಾಲ ಕೈ ಇಟ್ಟು ಭಾಳ ಹೊತ್ತು ಕುಂತ.

ಗಬ್ಬಾಗಿತ್ರಿ ಅದು, ಹೊಟ್ಟ್ಯಾಗ ಮರಿ ಇತ್ತು.

ಸ್ವಲ್ಪ ಹೊತ್ತಿಗಿ ಕಾಲ ಸುದ್ದ ಆಯ್ತು. ಏನೂ ಆಗೇ ಇಲ್ಲ ಅನ್ನೋಹಂಗ ಆಯ್ತು! ಡಾಕ್ಟರಿಗಿ ತೋರಸಿಲ್ಲ. ಸುಲಭಾಗ ಹೇಳಿಲ್ಲ. ಹೇಳಿದ್ರ ಚಾವಿ ಕಸಗೋತಾರ್ರಿ, ಮನಿ ಮೂಲ್ಯಾಗ ಕುಂದ್ರಿಸ್ತಾರ. ಮರುದಿನ ಸೆಲ್ಫ್ ಹತ್ಲಿಲ್ಲ ನೋಡ್ರಿ... ನನಗ ಎಷ್ಟು ಸಮಾಧಾನ ಆಯ್ತು ಅಂತೀರಿ! ಗಾಡಿನೇ ಕೆಟ್ಟದ, ಇನ್ನ ನಾ ಹೋಗೋದಿಲ್ಲ, ನನ್ನ ಮಾತೂ ಉಳೀತು ಅಂದ್ಕೊಂಡೆ. ದೊಡ್ಡ ರಿಪೇರಿ ಇರಲಿ ಅಂತ ದೇವರಿಗಿ ಬೇಡಿಕೊಂಡು ಬಂದೆ ನಿಮ್ಮಲ್ಲಿ. ನೀವು ನೋಡಿದ್ರ ಒಂದು ಗಿಂಡಿ ಬಿಸಿ ನೀರಿನ್ಯಾಗ ಮುಗಿಸಿಬಿಟ್ರಿ.

ಅಂಜಿಕಿ ಆಗ್ತದ್ರಿ. ಅಕಿ ಬಾಜುಕ ಕುಂತಿರ್ತಾಳ. ತುಂಬಿದ ಹೊಟ್ಟಿ...

...ಏನು, ಶಟರ್ ಯಾಕ ಇಳಸಲತ್ತೀರಿ? ಇನ್ನೂ ಗಿರಾಕಿ ಬರೋ ಟೈಮು. ಕೈ ಒರಸಿಕೊಂಡ್ರಿ... ಚಾವಿ ಕೊಡ್ರಿ ಇಲ್ಲಿ. ಕೊಡ್ರಿ ಅಂದ್ರ... ಕಿಸೆದಾಗ ಇಟಗೊಂಡ್ರಿ. ಆ ಕಡಿ ಬಾಗಲಾ ಯಾಕ ತೆಗದ್ರಿ? ಅದು ನಾ ಕುಂದ್ರೋ ಕಡಿ ಅಲ್ಲ.

ಅಲ್ಲಿ ಆಶೀಷ ನಿಂತಿರ್ತಾನ ಬಾಗಲದಾಗ. ಬೀಗತಿ ಇರ್ತಾರ. ನಾ ಬಾಜುದಿಂದ ಇಳೀಬೇಕೇನು? ...ನೀವು ಆಗಲೇ ಸ್ಟೇರಿಂಗ್ ಮುಂದ ಕುಂತ್ರಿ.

ಮತ್ತ ಫೋನು.

ಹಲೋ... ಹಾಂ ಬಾಳಾ, ಕೇಳಲತ್ತದ. ಹೊಂಟೀವಿ. ಹೂಂ, ಹತ್ತಿತು ಗಾಡಿ. ...ಇಲ್ಲವ್ವ, ಗೌಸ ಮಾಮಾ ಹೊಡೀತಾರ, ನಾ ಬಾಜುಕ ಕುಂಡರ್ತೇನಿ. ...ಹೊರಡೋಕಿಂತ ಮೊದಲು ನಿಮ್ಮವ್ವಗ ಫೋನ್ ಮಾಡಿ ಒಂದು ಮಾತು ಹೇಳಬೇಕು, ಆಮ್ಯಾಲ ನಿನಗೂ ಹೇಳ್ತೇನಿ. ...ಗಾಡಿದೇನೂ ಇಲ್ಲ ಕೇತಕಿ. ಗಾಡಿ ಚೊಲೋ ಅದ.