ಹರಿಗೋಲಿನ ತಳದ ಮೀನು

ಆರಾಧನೆ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನರ ಮನಸ್ಸು ಮನೆಯ ಮೀನಿನ ಸಾರಿನ ಕಡೆ ಹೊರಟಿರುತ್ತದೆ. ಭಾನುವಾರವಲ್ಲವೇ, ಹೊರಡಲಿ. ನಾನೂ ಅದರ ಹಿಂದೆಯೇ ಬರುತ್ತೇನೆ. ಈಗ ಓದಿದ ವಾಕ್ಯವನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಂದು ಮೀನಿನ ಕಥೆ ಕೇಳಿ.

ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಒಂದು ಊರು. ಆ ಊರಲ್ಲೊಬ್ಬ ಸಾಹುಕಾರ. ಹೆಸರು ಕೇಳಬೇಡಿ, ಇಲ್ಲೇ ಕೂತಿರುವ ಯಾರಿಗಾದರೂ ಅದೇ ಹೆಸರಿದ್ದರೆ ಆಮೇಲೆ ನನ್ನ ಮೇಲೆ ಬೇಜಾರು. ಹರಿಗೋಲುಗಳೆಲ್ಲ ಅವನವು, ಬಲೆಗಳೆಲ್ಲ ಅವನವು, ಐಸ್ ಪೆಟ್ಟಿಗೆಗಳೂ ಅವನವೇ. ಬಲೆಯಿಂದ ಮೀನು ಸುರಿದ ಕೂಡಲೇ ವಿಂಗಡಿಸುವುದರಲ್ಲಿ ಅವನಷ್ಟು ಚುರುಕು ಯಾರೂ ಇರಲಿಲ್ಲ. ಕಾಟ್ಲಾ ಐಸಿಗೆ. ರೋಹು ಐಸಿಗೆ. ಜಿಲೇಬಿ ಮೀನು ಒದ್ದೆ ಗೋಣಿಚೀಲದ ಕೆಳಗೆ. ಗೊರಕೆ ಮೀನು? ಹರಿಗೋಲಿನ ತಳಕ್ಕೆ.

ಗೊರಕೆ ಮೀನೆಂದರೆ ಬೂದುಬಣ್ಣದ, ಗೂನುಬೆನ್ನಿನ ಒಂದು ಮೀನು. ನೀರಿನಿಂದ ಎತ್ತಿದರೆ ಹೊಟ್ಟೆಯೊಳಗೆ ಗೊರಗೊರ ಸದ್ದು. ತಲೆಯೊಳಗೆ ಎರಡು ಬಿಳಿ ಕಲ್ಲು. ಅದನ್ನು ತಿನ್ನುವವರಿಲ್ಲ. ಹರಿಗೋಲಿನ ತಳದ ಕೊಳಕು ನೀರಿನಲ್ಲಿ, ಕಾಲ ಕೆಳಗೆ, ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಬಿದ್ದಿರುತ್ತಿತ್ತು. ದಡ ಸೇರಿದ ಮೇಲೆ ತಿಪ್ಪೆಗೆ. ಅದನ್ನು ತಿಪ್ಪೆಗೆ ಹೊರುತ್ತಿದ್ದವನು ಸಾಹುಕಾರನ ಒಡಹುಟ್ಟಿದ ತಮ್ಮ.

ಈ ತಮ್ಮ ಹುಡುಗನಾಗಿದ್ದಾಗ ಒಮ್ಮೆ ಹೊಸ ಬಲೆಯೊಂದನ್ನು ನೀರಿನಲ್ಲಿ ಕಳೆದಿದ್ದ. ಅಷ್ಟೇ. ಅಂದಿನಿಂದ ಅವನ ಕೈಗೆ ಬಲೆ ಕೊಟ್ಟಿಲ್ಲ. ಹುಟ್ಟು ಹಾಕು, ತಳದ ನೀರು ಮೊಗೆ, ಗೊರಕೆ ಮೀನು ಹೊರು. ಮೀಸೆ ಬಂತು, ಮೀಸೆಯಲ್ಲೊಂದು ಬಿಳಿ ಕೂದಲೂ ಬಂತು, ಬಲೆ ಬರಲಿಲ್ಲ. "ಅವ್ನಿಗೆ ಬಲೆ ಬೀಸಕ್ಕೇ ಬರಲ್ಲ ಕನ್ರಪ್ಪ, ಕಲ್ಲುತಲೆ" ಎಂದು ಸಾಹುಕಾರ ಊರಿಗೆಲ್ಲ ಹೇಳುತ್ತಿದ್ದ. ನೋಡಿ, ಸುಳ್ಳೇನೂ ಹೇಳಲಿಲ್ಲ. ಬರುತ್ತಿರಲಿಲ್ಲ, ನಿಜ. ಹೇಗೆ ಬರಬೇಕು?

ಒಂದು ಬೆಳಿಗ್ಗೆ ಹರಿಗೋಲಿನವರೆಲ್ಲ ಮದುವೆಗೆ ಹೋಗಿದ್ದರಿಂದ ಅಣ್ಣ ತಮ್ಮ ಇಬ್ಬರೇ ನೀರಿಗಿಳಿದರು. ನಡುನೀರಿನಲ್ಲಿ ತಮ್ಮ ಹುಟ್ಟು ನಿಲ್ಲಿಸಿ ಹೇಳಿದ:

"ನಾನು ನಾಳೆ ಲಾರಿಲಿ ಹೊಂಟೋಯ್ತೀನಿ ಕನಣ್ಣ. ಇಟ್ಟಿಗೆ ಗೂಡಿಗೆ. ಬಟ್ಟೆ ಗಂಟು ಕಟ್ಟಿವ್ನಿ."

"ಹೋಗ್ಲಾ. ಅಲ್ಲೂ ಯಾರಾದ್ರೂ ಬೈಯೋರು ಬೇಕಲ್ಲ, ಸಿಕ್ತಾರೆ" ಎಂದ ಸಾಹುಕಾರ.

ಹಾಗೆಂದು ಬಲೆಯನ್ನು ನೀರಿಗೆ ಬಿಟ್ಟ. ತಾಯಿ ಸಾಯುವಾಗ ಈ ತಮ್ಮನ ಕೈಯನ್ನು ಅವನ ಕೈಯಲ್ಲಿಟ್ಟಿದ್ದಳು. ಇವನು ಹೋದರೆ ಮನೆಯಲ್ಲಿ ತನ್ನನ್ನು ಅಣ್ಣ ಎನ್ನುವವರೇ ಇಲ್ಲ. ಇರು ಎನ್ನಬಹುದಿತ್ತು. ಸಾಹುಕಾರರಿಗೆ ಆ ಪದ ಅಷ್ಟು ಸುಲಭಕ್ಕೆ ಬರುವುದಿಲ್ಲ. ನಮಗೆ ಬರುತ್ತದೆಯೇ?

ಬಲೆ ಎಳೆಯುವಷ್ಟರಲ್ಲಿ ಗಾಳಿ ಎದ್ದು ಹರಿಗೋಲನ್ನು ಬುಗುರಿಯಂತೆ ತಿರುಗಿಸುತ್ತ ನಡುಗಡ್ಡೆಗೆ ತಂದು ಹಾಕಿತು. ಗಾಳಿ ನಿಲ್ಲುವ ತನಕ ಅಲ್ಲಾಡುವಂತಿಲ್ಲ. ಬಲೆಯಲ್ಲಿ ಏನು? ಬರೀ ಗೊರಕೆ ಮೀನು. ಗೊರಗೊರ, ಗೊರಗೊರ. ಹೊತ್ತೇರಿತು, ಹೊಟ್ಟೆಯೂ ಹಾಗೇ ಸದ್ದು ಮಾಡತೊಡಗಿತು. ತಮ್ಮ ಸೌದೆ ಆರಿಸಿ ಬೆಂಕಿ ಹಾಕಿದ. ಇನ್ನೂ ಒದ್ದಾಡುತ್ತಿದ್ದ ಒಂದು ಮೀನನ್ನು ಕೊಯ್ದು, ಖಾಲಿ ಬುತ್ತಿಯಲ್ಲಿ ಉಳಿದಿದ್ದ ಉಪ್ಪು ಖಾರ ಸವರಿ ಕಲ್ಲಿನ ಮೇಲಿಟ್ಟ.

"ಅದ್ನ ನಾಯೂ ಮೂಸಲ್ಲ ಕನ್ಲಾ!"

"ನಾಯಿ ಇಲ್ಲಿಲ್ವಲ್ಲ ಅಣ್ಣ. ನಾವಿದ್ದೀವಿ."

ಸಾಹುಕಾರ ಮುಖ ತಿರುಗಿಸಿ ಕೂತ. ಎಷ್ಟು ಹೊತ್ತು? ವಾಸನೆ ಬರುವ ತನಕ. ಒಂದು ಚೂರು ಬಾಯಿಗೆ ಹಾಕಿಕೊಂಡ. ಬಿಳಿ ಮಾಂಸ, ಗಟ್ಟಿ, ಒಳಗೆಲ್ಲೋ ಒಂದು ಸಿಹಿ. ಇನ್ನೊಂದು ಚೂರು. ಆಮೇಲೆ ಬಾಲವನ್ನೇ ಎಳೆದುಕೊಂಡ.

"ಇಷ್ಟು ದಿನ ಯಾಕ್ಲಾ ಹೇಳ್ಲಿಲ್ಲ ನೀನು?"

"ನಂಗೇನ್ ಗೊತ್ತು? ನಾನೂ ಇವತ್ತೇ ತಿಂತಿರೋದು. ತಿಪ್ಪೆಗೆ ಹೊರೋನು ಯಾವನಾದ್ರೂ ರುಚಿ ನೋಡ್ತಾನಾ?"

ಇಬ್ಬರೂ ನಕ್ಕರು. ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಕಥೆ ಮುಗಿಯಿತು ಎಂದುಕೊಂಡಿರಾ? ಇಲ್ಲ. ಮನುಷ್ಯ ಅಷ್ಟು ಬೇಗ ಬದಲಾದರೆ ನನಗೆ ವಾರವಾರ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಗಾಳಿ ತಗ್ಗಿತು. ಹೆಂಡತಿಗೂ ತಿನ್ನಿಸಬೇಕೆಂದು ಸಾಹುಕಾರ ಉಳಿದ ಮೀನುಗಳನ್ನು ಎತ್ತಿಕೊಂಡ. ಎತ್ತಿ ಎಲ್ಲಿಟ್ಟ? ಪಕ್ಕದಲ್ಲೇ ಐಸ್ ತುಂಬಿದ ಪೆಟ್ಟಿಗೆ ಮೀನಿಲ್ಲದೆ ಬಿದ್ದಿತ್ತು. ಆದರೆ ಕೈಗೆ ಹಳೆಯ ರೂಢಿ. ಹರಿಗೋಲಿನ ತಳಕ್ಕೆ ಎಸೆದು, ಮೇಲೆ ಕಾಲಿಟ್ಟು ಕೂತ. ಉರಿಬಿಸಿಲಲ್ಲಿ ದಡ ಸೇರಿದರು. ಹೆಂಡತಿ ಸಾರು ಮಾಡಿದಳು. ಮುಚ್ಚಳ ತೆಗೆದರೆ ಮನೆಯೊಳಗೆ ನಿಲ್ಲಲಾಗದ ನಾತ.

"ಇದ್ರ ಹಣೆಬರಾನೇ ಇಷ್ಟು" ಎಂದ ಸಾಹುಕಾರ. "ಅಲ್ಲಿ ಹಸಿವಿಗೆ ರುಚಿ ಅನ್ನಿಸ್ತು, ಅಷ್ಟೇಯ."

ಹೆಂಡತಿ ಮೂಗಿಗೆ ಸೆರಗು ಒತ್ತಿಕೊಂಡೇ ಕೇಳಿದಳು: "ಕಾಟ್ಲಾನ ತಂದಂಗೆ ತಂದ್ರಾ ಇದ್ನ? ಎಲ್ಲಿ ಮಡಗಿದ್ರಿ?"

"ತಳದಲ್ಲಿ."

"ಕಾಟ್ಲಾನ ತಳದಲ್ಲಿ ಮಡಗಿದ್ರೆ ಮಲ್ಲಿಗೆ ಹೂವಿನಂಗೆ ಗಮಗಮ ಅಂತಿತ್ತಾ?"

ಸಾಹುಕಾರ ಸಾರಿನ ಮುಚ್ಚಳ ಮುಚ್ಚಿದ. ಬಾಗಿಲ ಪಕ್ಕದಲ್ಲಿ ತಮ್ಮನ ಬಟ್ಟೆ ಗಂಟಿತ್ತು. ಅದನ್ನು ನೋಡುತ್ತ ಕೂತ. ನಾತ ಬರುತ್ತದೆಂದು ತಳಕ್ಕೆ ಹಾಕಿದೆವೋ, ತಳಕ್ಕೆ ಹಾಕಿದ್ದಕ್ಕೆ ನಾತ ಬಂತೋ?

ಮರುದಿನ ಲಾರಿ ಬರುವ ಹೊತ್ತಿಗೆ ತಮ್ಮ ಗಂಟು ಹಿಡಿದು ದಡದ ಮೇಲೆ ನಿಂತಿದ್ದ. ಸಾಹುಕಾರ ಹೋಗಿ ಗಂಟು ಇಸಿದುಕೊಂಡು, ಆ ಕೈಗೆ ಬೀಸುಬಲೆ ಇಟ್ಟ.

"ಬೀಸ್ಲಾ."

"ನಂಗ್ ಬರಲ್ಲ ಕನಣ್ಣ. ಊರಿಗೆಲ್ಲ ನೀನೇ ಹೇಳಿದ್ದೀಯಲ್ಲ."

"ಹೇಳಿದ್ದೆ. ಬೀಸು."

ಬೀಸಿದ. ಬಲೆ ಅರಳಲಿಲ್ಲ, ಹಿಂಡಿದ ಬಟ್ಟೆಯಂತೆ ಮುದುರಿ ದಡದ ಹತ್ತಿರವೇ ಬಿತ್ತು. ಸುತ್ತ ನಿಂತವರೆಲ್ಲ ಗೊಳ್ಳೆಂದರು. "ಸಾಹುಕಾರ್ರೇ, ಇವತ್ತು ಕಪ್ಪೆ ಸಾರಾ?" ಎಂದ ಒಬ್ಬ. ಅದೇ ಹೊತ್ತಿಗೆ ರಸ್ತೆಯಲ್ಲಿ ಲಾರಿ ಹಾರನ್ ಹೊಡೆಯಿತು. ಸಾಹುಕಾರ ಮೊಣಕಾಲುದ್ದ ನೀರಿಗಿಳಿದು, ತಾನೇ ಬಲೆ ಬಿಡಿಸಿ, ನೀರು ಕೊಡವಿ, ಮತ್ತೆ ಅದೇ ಕೈಗೆ ಕೊಟ್ಟ. "ಇರ್ಲಾ" ಎಂದ. ಆ ಪದ ಕೊನೆಗೂ ಬಂತು. "ಇದ್ದು ಇನ್ನೊಂದ್ಸಲ ಬೀಸು."

ಲಾರಿ ಮತ್ತೊಮ್ಮೆ ಹಾರನ್ ಹೊಡೆಯಿತು. ತಮ್ಮ ಅತ್ತ ತಿರುಗಲಿಲ್ಲ. ಮತ್ತೆ ಬೀಸಲೆಂದು ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಹರಿಗೋಲಿನ ತಳದಲ್ಲಿ ಯಾರಿದ್ದಾರೆ? ಸೊಸೆಗೆ ತಿಳಿವಳಿಕೆ ಸಾಲದು ಎನ್ನುತ್ತೀರಿ. ಒಂದು ದಿನವಾದರೂ ಅವಳ ಮಾತು ಕೇಳಿ ಒಂದು ಕೆಲಸ ಮಾಡಿದ್ದೀರಾ? ಮಗ ದಡ್ಡ ಎನ್ನುತ್ತೀರಿ, ಅಂಗಡಿಯ ಬೀಗದ ಕೈ ಅವನ ಕೈಗೆ ಎಂದಾದರೂ ಕೊಟ್ಟಿದ್ದೀರಾ? ಬೇರೆಯವರ ಮನೆ ಯಾಕೆ, ನಮ್ಮ ಈ ಸಭೆಯನ್ನೇ ನೋಡಿ. ಇಲ್ಲೊಬ್ಬರಿದ್ದಾರೆ, ಪ್ರತಿ ಭಾನುವಾರ ಚಾಪೆ ಹಾಸುವವರು ಅವರೇ, ಮಡಿಚುವವರು ಅವರೇ, ಈಗಲೂ ಹಿಂದಿನ ಬಾಗಿಲ ಹತ್ತಿರ ಕೂತಿದ್ದಾರೆ. ವಾಕ್ಯ ಓದಿ ಎಂದು ಅವರನ್ನು ಎಂದಾದರೂ ಕರೆದಿದ್ದೇವೆಯೇ? ಓದುವಾಗ ತಡವರಿಸುತ್ತಾರಂತೆ. ತಡವರಿಸಲಿ ಬಿಡಿ, ಮುಂದಿನ ಭಾನುವಾರ ಓದುವವರು ಅವರೇ.

ಇವತ್ತು ಮನೆಗೆ ಹೋಗಿ ಸಾರು ಉಣ್ಣಿ. ಉಂಡು ಎದ್ದ ಮೇಲೆ ತಳದಲ್ಲಿರುವ ಆ ಒಬ್ಬರ ಕೈಗೆ ಒಂದು ಬಲೆ ಕೊಡಿ. ಮೊದಲ ಸಲ ಮುದುರಿಯೇ ಬೀಳುತ್ತದೆ. ನಗು ಬಂದರೆ ನಕ್ಕುಬಿಡಿ, ಪರವಾಗಿಲ್ಲ. ಬಲೆಯನ್ನು ಮಾತ್ರ ವಾಪಸು ಕಿತ್ತುಕೊಳ್ಳಬೇಡಿ.