ಕೊಡದೆ ಉಳಿದ ಸಾಲು

ಏಳು ಗಂಟೆಗೆ ಶುರುವಾಗಬೇಕಿದ್ದ ಕಾರ್ಯಕ್ರಮ ಏಳೂವರೆಯಾದರೂ ಶುರುವಾಗಿರಲಿಲ್ಲ. ಹೊರಗೆ ಕುಂಭದ್ರೋಣ ಮಳೆ. ಆ ಹಳೆಯ ನಾಟಕಶಾಲೆಯ ತಗಡಿನ ಮಾಡಿನ ಮೇಲೆ ಅದರ ಸದ್ದು ಎಷ್ಟಿತ್ತೆಂದರೆ, ಪಕ್ಕದಲ್ಲಿ ಕೂತವರ ಮಾತಿಗೂ ಕಿವಿ ಹತ್ತಿರ ಒಯ್ಯಬೇಕಿತ್ತು. ಜನ ಆಗಲೇ ಬಂದು ಕೂತಿದ್ದರು. ಮಳೆ ತಗ್ಗುವವರೆಗೆ ತೆರೆ ಎತ್ತುವುದು ಬೇಡವೆಂದು ಮ್ಯಾನೇಜರು ಹೇಳಿಹೋಗಿದ್ದರು. ವೇದಿಕೆಯ ಹಿಂದಿನ ಬಣ್ಣದ ಕೋಣೆಯಲ್ಲಿ ನಾವು ಮೂವರು ಕಾಯುತ್ತಿದ್ದೆವು: ಹಾಡುವವಳು, ಡ್ರಮ್ಸ್ ನುಡಿಸುವವನು, ಪಿಯಾನೋ ನುಡಿಸುವ ನಾನು.

ನಮ್ಮ ನಡುವೆ ಮೇಜಿನ ಮೇಲೆ ಹಿಂದಿನ ದಿನದ ಚೀಟಿಗಳ ರಾಶಿಯಿತ್ತು. ಪ್ರತಿ ಕುರ್ಚಿಯ ಮೇಲೂ ಒಂದು ಚೀಟಿ, ಒಂದು ಪೆನ್ಸಿಲ್ ಚೂರು ಇಟ್ಟು, ಕಾರ್ಯಕ್ರಮ ಹೇಗಿತ್ತೆಂದು ಬರೆಸಿಕೊಳ್ಳುವುದು ಆ ನಾಟಕಶಾಲೆಯ ರೂಢಿ. ನಮ್ಮ ಕೊನೆಯ ಹಾಡು ಒಂದು ಹಳೆಯ ಜರ್ಮನ್ ನಾಟಕದ್ದು. ಐವತ್ತು ವರ್ಷದ ಹಿಂದೆ ಆ ನಾಟಕವನ್ನು ನಮ್ಮ ಭಾಷೆಗೆ ತಂದು ಇದೇ ವೇದಿಕೆಯಲ್ಲಿ ಆಡಿದ್ದರಂತೆ. ಹೋಟೆಲಿನ ಬಾಗಿಲಲ್ಲಿ ಗಿರಾಕಿಗಳ ಕೋಟು ಕಾಯುವ ಹೆಂಗಸೊಬ್ಬಳು, ವಾಪಸು ಬಾರದ ಒಬ್ಬನ ಕೋಟು ಹಿಡಿದು ಹಾಡುವ ಹಾಡು. ನಮ್ಮ ಹಾಡುವವಳು ಒಂದು ವರ್ಷ ಕೂತು ಅದನ್ನು ಜಾಝ್‌ಗೆ ತಂದಿದ್ದಳು, ಮತ್ತು ಕೊನೆಯ ಸಾಲನ್ನು ಬೇಕೆಂದೇ ಬಿಟ್ಟಿದ್ದಳು. ಅಲ್ಲಿ ವಾದ್ಯಗಳೆಲ್ಲ ನಿಲ್ಲುತ್ತವೆ, ಎಂಟು ಎಣಿಸುವಷ್ಟು ಹೊತ್ತು ಮೌನ, ಆಮೇಲೆ ದೀಪ ಆರುತ್ತದೆ. ಅಷ್ಟೇ.

ಆದರೆ ಚೀಟಿಗಳು ಬೇರೆಯೇ ಹೇಳುತ್ತಿದ್ದವು. "ಕೊನೆಯ ಸಾಲು ಕೇಳಿ ಮೈ ಜುಮ್ಮೆಂದಿತು." "ಹಾಡನ್ನು ಅರ್ಧಕ್ಕೇ ನಿಲ್ಲಿಸಿದ್ದು ಯಾಕೆ?" "ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಪಕ್ಕದವರು ಅತ್ತರು, ನಾನೂ ಅತ್ತೆ." "ಎರಡನೆಯ ಗಾಯಕಿಯ ಹೆಸರನ್ನೂ ಹೇಳಬೇಕಿತ್ತು." "ಒಳ್ಳೆಯ ಹಾಡನ್ನು ಜಾಝ್ ಮಾಡಿ ಕೆಡಿಸಿದ್ದೀರಿ. ಕೊನೆಗೆ ಬಂದ ಹಿರಿಯ ಹೆಂಗಸೊಬ್ಬರೇ ಸರಿಯಾಗಿ ಹಾಡಿದ್ದು."

"ಯಾವ ಹೆಂಗಸು?" ಎಂದು ಅವಳು ಹತ್ತನೆಯ ಸಲ ಕೇಳಿದಳು. "ವೇದಿಕೆ ಮೇಲಿದ್ದ ಹೆಂಗಸು ನಾನೊಬ್ಬಳೇ ಅಲ್ವಾ?" ಇವತ್ತೂ ಜನ ಹೀಗೇ ಗೊಂದಲಪಟ್ಟರೆ ಆ ಹಾಡನ್ನು ಕೈಬಿಡಿ ಎಂದು ಮ್ಯಾನೇಜರು ಹೇಳಿದ್ದರು. ಅವಳ ಕಣ್ಣು ಕೆಂಪಾಗಿತ್ತು.

ಮೂಲೆಯಲ್ಲಿ ವೇಷದ ಪೆಟ್ಟಿಗೆಯ ಮೇಲೆ ಕೂತಿದ್ದ ಮುದುಕರು ಆಗ ಕೆಮ್ಮಿದರು. ಒಂದು ಕಾಲಕ್ಕೆ ಅಲ್ಲಿ ಪ್ರಾಂಪ್ಟರ್ ಆಗಿದ್ದವರು. ವೇದಿಕೆಯ ಮುಂಭಾಗದ ಗೂಡಿನಲ್ಲಿ ಅಡಗಿ ಕೂತು, ಮಾತು ಮರೆತವರಿಗೆ ಪಿಸುಗುಟ್ಟುವ ಕೆಲಸ. ಎಲ್ಲರೂ ಅವರನ್ನು ಪಿಸುಮಾತಿನ ಅಜ್ಜ ಎನ್ನುತ್ತಿದ್ದರು. ಈಗ ಅವರ ಪಾಲಿಗೆ ಉಳಿದದ್ದು ಗುಡಿಸುವುದು ಮತ್ತು ವೇಷದ ಬಟ್ಟೆ ನೋಡಿಕೊಳ್ಳುವುದು.

"ಚೀಟಿ ಕೆಳಗಿಡು ಮಗಳೇ," ಎಂದರು. "ಬರೆದವರದ್ದೇನೂ ತಪ್ಪಿಲ್ಲ... ತಪ್ಪು ನಂದು. ಹತ್ರ ಬನ್ನಿ ಎಲ್ಲಾ, ಕೂಗಿ ಹೇಳೋ ಕತೆ ಅಲ್ಲ ಇದು. ಏ ಡ್ರಮ್ಮು, ಮೇಜು ಕುಟ್ಟೋದು ನಿಲ್ಸಪ್ಪ ಮೊದ್ಲು, ಆ ಸದ್ದೇ ನನಗಾಗಲ್ಲ.

"ಆ ನಾಟಕದಲ್ಲಿ ಈ ಹಾಡು ಹಾಡ್ತಿದ್ದವಳನ್ನ ನಾವು ದೊಡ್ಡಮ್ಮಣ್ಣಿ ಅಂತಿದ್ವಿ. ವಯಸ್ಸಿಗಲ್ಲ, ಗತ್ತಿಗೆ. ಅವಳು ಬಂದ್ಳು ಅಂದ್ರೆ ಮೇಕಪ್ಪಿನವನು ಕೂತ ಕುರ್ಚಿ ಬಿಟ್ಟು ಏಳ್ತಿದ್ದ, ಆಗಿನ ಮ್ಯಾನೇಜರು ಬೀಡಿ ಮುಚ್ಚಿಟ್ಕೊಳ್ತಿದ್ದ, ನಾನಂತೂ ಇಪ್ಪತ್ತಾರರ ಹುಡುಗ, ಗೂಡೊಳಗೆ ಇನ್ನೂ ಕುಗ್ಗಿ ಕೂರ್ತಿದ್ದೆ. ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು... ಮಾತು ಮರೆತವರು ಹಿಮ್ಮಡಿಯಲ್ಲಿ ಹಲಗೆಗೆ ಎರಡು ಸಲ ಟಕ್ ಟಕ್ ಅಂತ ಕುಟ್ಟಬೇಕು. ಕುಟ್ಟಿದ್ರೆ ಮಾತ್ರ ಸಾಲು ಕೊಡಬೇಕು. ಕುಟ್ಟದಿದ್ರೆ ಸುಮ್ನಿರಬೇಕು, ಯಾಕಂದ್ರೆ ಒಳ್ಳೆ ನಟರು ಬೇಕಂತಲೇ ನಿಲ್ಲಿಸ್ತಾರೆ, ಜನ ಉಸಿರು ಹಿಡೀಲಿ ಅಂತ... ನಾನೀಗ ನಿಲ್ಲಿಸ್ತಾ ಇಲ್ವಾ, ಹಾಗೆ.

"ಒಂದಿನ ಅವಳು ಕೊನೇ ಸಾಲಿಗೆ ಮುಂಚೆ ನಿಲ್ಲಿಸಿದ್ಳು. ಕುಟ್ಟಲಿಲ್ಲ. ನನಗೋ ಗಾಬರಿ, ಮರೆತಳೇನೋ ಅಂತ ಕೊಟ್ಟುಬಿಟ್ಟೆ. ಮೊದಲ ಸಾಲಲ್ಲಿ ಕೂತವರಿಗೆಲ್ಲ ಕೇಳಿಸ್ತು, ನಕ್ಕರು. ಆಟ ಮುಗಿದ ಮೇಲೆ ಇದೇ ಕೋಣೆಯಲ್ಲಿ, ಎಲ್ಲರ ಎದುರಿಗೆ ನನ್ನ ಕೆನ್ನೆಗೆ ಬಿಟ್ಳು. 'ನನಗೆ ಮರೆವು ಅಂದ್ಕೊಂಡೆಯೇನೋ, ಕಂಬಳಿಹುಳ. ನಾನು ಕೇಳೋವರೆಗೆ ಬಾಯಿ ಬಿಟ್ಟೀಯ, ಜೋಕೆ.' ಕೆನ್ನೆ ಉರಿ ಒಂದು ಗಂಟೆಗೆ ಹೋಯ್ತು... ಹೊಟ್ಟೆ ಉರಿ ಹೋಗಲಿಲ್ಲ.

"ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದ್ಳು. ಸರಿ, ನನಗೇನು ಅಂತ ಕೂತೆ. ಆಮೇಲೆ... ಟಕ್ ಟಕ್. ನಾನು ತಲೆ ಎತ್ತಿ ನೋಡಿದೆ. ಅವಳ ಮುಖ ನೋಡಬೇಕಿತ್ತು ನೀವು, ತುಟಿ ನಡುಗ್ತಾ ಇದೆ, ಕಣ್ಣು ನನ್ನ ಮೇಲೇ ನೆಟ್ಟಿದೆ, ಅಷ್ಟು ದೊಡ್ಡ ಹೆಂಗಸು ಸಂತೆಯಲ್ಲಿ ಕೈಬಿಟ್ಟ ಮಗು ಥರ ನೋಡ್ತಾಳೆ. ಮತ್ತೆ ಟಕ್ ಟಕ್. ಸಾಲು ನನ್ನ ನಾಲಗೆ ತುದೀಲಿತ್ತು ಕಣ್ರಪ್ಪ... ನಾನೇನು ಮಾಡ್ದೆ ಗೊತ್ತಾ? ಪುಟ ತಿರುವಿ ಕೂತೆ.

"ಜನ ಏನು ಮಾಡಿದ್ರು ಹೇಳಿ ನೋಡೋಣ? ಕೂಗಿದ್ರಾ? ಬೈದ್ರಾ? ಇಲ್ಲ. ಅದನ್ನ ಅಭಿನಯ ಅಂದ್ಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅವಳ ಜೀವಮಾನದಲ್ಲೇ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಒಳಗೆ ಬಂದವಳು ಸೀದಾ ನನ್ನ ಹತ್ರ ಬಂದ್ಳು. ಈ ಸಲ ಹೊಡೀತಾಳೆ ಅಂತ ಕೆನ್ನೆ ಗಟ್ಟಿ ಮಾಡ್ಕೊಂಡೆ. ಹೊಡೀಲಿಲ್ಲ. 'ಸಾಲು ಕೊಡೋ' ಅಂದ್ಳು. 'ಕೊಡಲ್ಲ, ಹೋಗಿ' ಅಂದೆ ನಾನು. ಬಣ್ಣ ಒರೆಸ್ಕೊಳ್ತಾ ಮತ್ತೆ ಕೇಳಿದ್ಳು, ಬಾಗಿಲ ಹತ್ರ ನಿಂತು ಮತ್ತೆ ಕೇಳಿದ್ಳು. ಕೊಡಲಿಲ್ಲ ನಾನು. ಆಮೇಲೆ ಅವಳು ವೇದಿಕೆ ಹತ್ತಲಿಲ್ಲ. ಅದೇ ವರ್ಷ ತೀರಿಕೊಂಡ್ಳು. ಕೊನೇವರೆಗೂ ಮಂಚದ ಪಟ್ಟಿ ಕುಟ್ತಾನೇ ಇದ್ಳಂತೆ... ಎರಡೆರಡು ಸಲ. ಯಾಕೆ ಅಂತ ಮನೆಯವರಿಗೆ ತಿಳೀಲಿಲ್ಲ. ನನಗೆ ತಿಳೀತು. ಹೋಗಿ ನಾಲ್ಕು ಮಾತು ಕಿವೀಲಿ ಹೇಳಿ ಬಂದಿದ್ರೆ ಮುಗೀತಿತ್ತು. ಹೋಗಲಿಲ್ಲ. ಅಷ್ಟು ಹಾಳು ಹಟ ನಂದು.

"ನಿನ್ನೆ ನಾನು ಪಕ್ಕದ ಪರದೆ ಹಿಂದೆ ಸ್ಟೂಲ್ ಹಾಕ್ಕೊಂಡು ಕೂತಿದ್ದೆ. ನಿಜ ಹೇಳ್ತೀನಿ ಮಗಳೇ, ನಿನ್ನ ಜಾಝ್ ನನಗೆ ತಲೆಬುಡ ತಿಳೀಲಿಲ್ಲ, ಆದ್ರೆ ಕಿವಿ ಬೇಡ ಅನ್ನಲಿಲ್ಲ. ನೀನು ಆ ಜಾಗಕ್ಕೆ ಬಂದು ನಿಲ್ಲಿಸಿದೆ. ಸರಿ, ಬೇಕಂತ ನಿಲ್ಲಿಸಿದಾಳೆ, ನಾನು ಬಾಯಿ ಬಿಡಬಾರದು ಅಂತಲೇ ಇದ್ದೆ. ಅಷ್ಟರಲ್ಲಿ ಇವನು ಡ್ರಮ್ಮಿನ ಅಂಚಿಗೆ ಟಕ್ ಟಕ್ ಅಂತ..."

"ನಾನಲ್ಲ ಅಜ್ಜ," ಎಂದ ಡ್ರಮ್ಸಿನವನು. "ಅಲ್ಲಿ ನನ್ನ ಕೈಯಲ್ಲಿ ಕೋಲೇ ಇರಲಿಲ್ಲ. ಮೌನಕ್ಕೆ ಮುಂಚೆ ಕೆಳಗಿಟ್ಟಿರ್ತೀನಿ."

ಮುದುಕರು ಅವನತ್ತ ತಿರುಗಿದರು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ಗೊತ್ತಪ್ಪ... ನೀನೇ ಅಂತ ಒಂದು ದಿನ ನಂಬ್ಕೊಂಡಿರೋಣ ಅಂದ್ಕೊಂಡೆ. ಟಕ್ ಟಕ್ ಅಂದ ತಕ್ಷಣ ನನ್ನ ಬಾಯಿಂದ ಸಾಲು ತಾನಾಗೇ ಬಿತ್ತು. 'ಎಲ್ಲರೂ ಹೋಗಿ, ಬಾಗಿಲು ಹಾಕ್ಕೊಳ್ಳಿ, ನಾನಿಲ್ಲೇ ಇರ್ತೀನಿ.' ಐವತ್ತು ವರ್ಷ ತಡವಾಗಿ ಕೊಟ್ಟೆ. ನಿನ್ನ ಬೆನ್ನ ಹಿಂದೆ ಕತ್ತಲಿತ್ತಲ್ಲ, ಅಲ್ಲಿಂದ ದೊಡ್ಡಮ್ಮಣ್ಣಿ ಅದನ್ನ ತಗೊಂಡು ಹಾಡಿದ್ಳು. ಕೆಲವರಿಗೆ ಕೇಳಿಸ್ತು, ಕೆಲವರಿಗೆ ಇಲ್ಲ, ನಿಮ್ಮ ಮೂವರಿಗೂ ಇಲ್ಲ. ನಿನ್ನ ಚೀಟಿಗಳ ಗೊಂದಲ ಇಷ್ಟೇ."

ಅವಳು ಮುದುಕರ ಕೈ ಹಿಡಿದುಕೊಂಡಳು. "ಅಜ್ಜ, ಇವತ್ತು ಕೊಡಬೇಡಿ. ಕೈಮುಗಿದು ಕೇಳ್ತೀನಿ. ಒಂದು ವರ್ಷ ನಿದ್ದೆಗೆಟ್ಟು ಮಾಡಿದ ಹಾಡು ಅದು. ಅದನ್ನ ಬಿಟ್ರೆ ನನ್ನದು ಅನ್ನೋದು ಇನ್ನೇನೂ ಇಲ್ಲ. ಬಾಯಿಗೆ ಬಟ್ಟೆ ಇಟ್ಕೊಂಡಾದ್ರೂ ಸುಮ್ಮನಿರಿ."

"ನಾನು ಸುಮ್ಮನಿರ್ತೀನಿ ತಾಯಿ. ಆದ್ರೆ ಅವಳಿಗೆ ಇನ್ನು ನನ್ನ ಹಂಗಿಲ್ವಲ್ಲ... ಬೆಳಿಗ್ಗೆ ವೇದಿಕೆ ಗುಡಿಸೋಕೆ ಹೋದಾಗ ಕೇಳಿಸ್ತು. ಮೆಲ್ಲಗೆ ಅಭ್ಯಾಸ ಮಾಡ್ತಿದ್ಳು. ಕೊನೇ ಸಾಲಲ್ಲ, ಮೊದಲಿಂದ. ಅದೂ ಹಳೇ ಧಾಟಿಯಲ್ಲಲ್ಲ..." ಅವರು ತಲೆ ತಗ್ಗಿಸಿದರು. "ನಿನ್ನ ಧಾಟಿಯಲ್ಲಿ."

ಅವಳು ಕೈ ಬಿಟ್ಟಳು. ಅಷ್ಟರಲ್ಲಿ ಮಾಡಿನ ಮೇಲಿನ ಸದ್ದು ತಗ್ಗುತ್ತ ಬಂದು, ನಲ್ಲಿ ತಿರುಗಿಸಿದ ಹಾಗೆ ಮಳೆ ನಿಂತೇಹೋಯಿತು. ಆಗ ಕೇಳಿಸಿತು. ಹೊರಗೆ ಸಭಾಂಗಣದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಕಾದು ಬೇಸತ್ತವರು ಕರೆಯುವ ಚಪ್ಪಾಳೆಯಲ್ಲ, ಹಾಡು ಮುಗಿದ ಮೇಲೆ ಎದ್ದು ನಿಂತು ತಟ್ಟುವ ಚಪ್ಪಾಳೆ.

ಬಾಗಿಲು ತಳ್ಳಿಕೊಂಡು ಮ್ಯಾನೇಜರು ಬಂದರು. ಮುಖ ಅರಳಿತ್ತು. "ನಾನು ಹೇಳಿದ್ದು ತಪ್ಪು ಕಣಮ್ಮ, ಎಂಥಾ ಹಾಡು... ಆ ಮಳೆಯಲ್ಲೂ..." ಎನ್ನುತ್ತ ಒಳಗೆ ಹೆಜ್ಜೆ ಇಟ್ಟವರು ಮುದುಕರ ಪಕ್ಕ ಕೂತಿದ್ದ ಹಾಡುವವಳನ್ನು ಕಂಡರು. ನಮ್ಮನ್ನು ನೋಡಿದರು, ತಿರುಗಿ ವೇದಿಕೆಯ ಕಡೆ ನೋಡಿದರು. "ನೀನು ಇಲ್ಲಿದ್ದೀಯ... ಹಾಗಾದ್ರೆ ಅಲ್ಲಿ..."

ಅವಳು ಏಳಲು ಹೋದಳು. ಮುದುಕರು ಅವಳ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

"ಕೂತ್ಕೋ ಮಗಳೇ, ಆತುರ ಬೇಡ. ನೀನೀಗ ಹೋದ್ರೂ ಅವಳು ಜಾಗ ಬಿಡಲ್ಲ... ಆ ಸಾಲಲ್ಲೇ ಹೇಳಿದಾಳಲ್ಲ, ನಾನಿಲ್ಲೇ ಇರ್ತೀನಿ ಅಂತ."