ಹಿಂದಿನ ಸೀಟಿನಲ್ಲಿ ನೀಲಗಂಗವ್ವ

ಕಂಬದ ಹಿಂದೆ ಕುಳಿತಿರುವ ತಾಯಂದಿರೇ, ನನ್ನ ಮಾತು ನಿಮಗೆ ಕೇಳಿಸುತ್ತಿದೆಯೇ? ಕೇಳಿಸದವರು ಕೈ ಎತ್ತಿ. ನೋಡಿ, ಒಬ್ಬರೂ ಎತ್ತಲಿಲ್ಲ. ಮಾತೇ ಕೇಳಿಸದವರಿಗೆ ಕೈ ಎತ್ತಿ ಎಂದದ್ದು ಮಾತ್ರ ಹೇಗೆ ಕೇಳಿಸೀತು? ಇರಲಿ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಇಂದಿನ ವಿಷಯ ದಯೆ. ನಿಮ್ಮಲ್ಲಿ ದಯೆ ಇದೆಯೇ ಎಂದು ಕೇಳಿದರೆ ಎಲ್ಲರೂ ಎದೆ ಮುಟ್ಟಿಕೊಂಡು ತೋರಿಸುತ್ತೀರಿ. ಆ ದಯೆ ನಿಮ್ಮ ಮನೆಯ ಯಾವ ಕೋಣೆಯವರೆಗೆ ತಲುಪಿದೆ ಎಂದು ಕೇಳಿದರೆ? ಅಲ್ಲಿ ಸ್ವಲ್ಪ ಯೋಚಿಸಬೇಕಾಗುತ್ತದೆ. ಅದಕ್ಕೇ ಒಂದು ದೃಷ್ಟಾಂತ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಬಾಯಿ ತೆರೆದ ಕೂಡಲೇ ನೀವೆಲ್ಲ ಮುಂದಿನ ಸಾಲಿನ ಕಡೆಗೆ ನೋಡುತ್ತೀರಿ. ನೋಡಬೇಡಿ. ಇವನು ಬೇರೆ ಊರಿನವನು. ಊರಿನವರು ಅವನನ್ನು ಸಾಹುಕಾರ ಎನ್ನುತ್ತಿದ್ದರು. ನಾವೂ ಹಾಗೆಯೇ ಅನ್ನೋಣ. ಅವನ ತಾಯಿಯ ಹೆಸರನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಈ ಕಥೆಯ ಭಾರವೆಲ್ಲ ಆಕೆಯ ಮೇಲಿದೆ. ಆಕೆಯ ಹೆಸರು ನೀಲಗಂಗವ್ವ. ಸ್ವಭಾವದಲ್ಲಿ ಹಗುರ, ಶರೀರದಲ್ಲಿ ಹಾಗಲ್ಲ.

ಸಾಹುಕಾರನ ತಂದೆ ಟ್ರ್ಯಾಕ್ಟರಿಗೆ ಕಟ್ಟುವ ಟ್ರೇಲರುಗಳನ್ನು ಮಾಡಿ ಹೆಸರು ಗಳಿಸಿದವನು. ಟ್ರೇಲರಿನಲ್ಲಿ ಅಂದವೇನಿದೆ? ಸುತ್ತ ಹಲಗೆ, ಕೆಳಗೆ ಗಾಲಿ. ಆದರೆ ಹತ್ತಿ ಬರುವುದೂ ಅದರಲ್ಲಿ, ಗೊಬ್ಬರ ಹೋಗುವುದೂ ಅದರಲ್ಲಿ, ತೊಳೆದು ಜಮಖಾನ ಹಾಸಿದರೆ ಮದುವೆಯ ದಿಬ್ಬಣ ಹೊರಡುವುದೂ ಅದರಲ್ಲಿಯೇ. ಹಿಂದಿನ ಹಲಗೆ ಇಳಿಸಿ ಒಂದು ಸ್ಟೂಲು ಇಟ್ಟರೆ ಎಂತಹ ಮುದುಕಿಯೂ ಹತ್ತಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

ಮಗನಿಗೆ ಈ ಟ್ರೇಲರು ಕಂಡರೆ ನಾಚಿಕೆ. ಅವನು ಒಮ್ಮೆ ಪರದೇಶಕ್ಕೆ ಪ್ರವಾಸ ಹೋದ. ಅಲ್ಲಿ ಬೀದಿಯಲ್ಲಿ ಒಂದು ಕಾರನ್ನು ಕಂಡ. ಕಂಡವನು ನಿಂತ. ನಿಂತವನು ಮರಳಿ ಬಂದು ತಂದೆಯ ಟ್ರೇಲರ್ ಕೆಲಸವನ್ನು ನಿಲ್ಲಿಸಿ, ಇಡೀ ಕಾರ್ಖಾನೆಯನ್ನು ಅಂತಹದೇ ಒಂದು ಸಣ್ಣ ಕಾರಿಗೆ ಒಪ್ಪಿಸಿಬಿಟ್ಟ. ಇದನ್ನು ನೆನಪಿನಲ್ಲಿಡಿ: ಕಾರು ಮಾರಿಹೋದರೆ ಕಾರ್ಖಾನೆ ಉಳಿಯಿತು, ಮಾರದಿದ್ದರೆ ತಂದೆ ಕಟ್ಟಿದ ಕಾರ್ಖಾನೆಗೆ ಬೀಗ.

ಕಾರು ಹೇಗಿತ್ತು ಎಂದು ಕೇಳುತ್ತೀರಾ? ಗಿಡ್ಡ ದೇಹ, ದುಂಡು ಕಣ್ಣು, ಮೇಲಿನಿಂದ ಜಾರಿ ಇಳಿದ ಬೆನ್ನು. ಹಿಂಬದಿಯ ಗಾಜಿನ ಬಾಗಿಲು ಗುಂಡಿ ಒತ್ತಿದರೆ ತಾನಾಗಿಯೇ ಮೇಲಕ್ಕೆ ಏಳುತ್ತಿತ್ತು. ಅದು ಸಾಮಾನು ಇಡುವುದಕ್ಕೆ. ಮನುಷ್ಯರು ಹತ್ತುವುದಕ್ಕೆ ಅಕ್ಕಪಕ್ಕದಲ್ಲಿ ಎರಡೇ ಬಾಗಿಲು. ಹಿಂದೆ ಕೂರುವವರು ಮುಂದಿನ ಸೀಟನ್ನು ಬಗ್ಗಿಸಿ, ತಾವೂ ಬಗ್ಗಿ, ಒಂದು ಕಾಲನ್ನು ಮೊದಲು ಒಳಗೆ ಕಳಿಸಿ, ಅದು ತಲುಪಿದ ಸುದ್ದಿ ಬಂದ ಮೇಲೆ ಇನ್ನೊಂದನ್ನು ಕಳಿಸಬೇಕಾಗಿತ್ತು.

ಮೊದಲ ಕಾರು ಸಿದ್ಧವಾದ ದಿನ ನೀಲಗಂಗವ್ವ ಆರತಿ ಬೆಳಗಿದಳು. ಗಾಲಿಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಸಾಹುಕಾರ ಒಬ್ಬನೇ ಸ್ಟೇರಿಂಗ್ ಹಿಡಿದು ಅಂಗಳವನ್ನು ಸುತ್ತಿ ಬಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ತೆಗೆಯಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿ ಇದೆ. ನಿಮ್ಮಲ್ಲೂ ಇದೆ. ಗಾಡಿ ಕೊಳ್ಳುವುದೆಂದರೆ ಇಡೀ ಮನೆಯೇ ನೋಡಲು ಹೋಗುತ್ತದೆ, ಮತ್ತು ಮನೆಯ ಹಿರಿಯ ಹೆಂಗಸು ಮೊದಲು ಕೂರದ ಗಾಡಿ ಆ ಮನೆಗೆ ಬರುವುದಿಲ್ಲ. ಹಾಗೆ ಒಂದು ಕುಟುಂಬ ಸಾಹುಕಾರನ ಕಾರಿನ ಅಂಗಡಿಗೆ ಬಂತು. ಅಜ್ಜಿ ಕಾರಿನೊಳಗೆ ಇಣುಕಿ ನೋಡಿದಳು. ತನ್ನ ಮೊಣಕಾಲನ್ನು ಒಮ್ಮೆ ಸವರಿಕೊಂಡಳು.

"ಭಾಳ ಚಂದ ಐತ್ರಿ ಸಾಹುಕಾರ್ರ. ಗುಬ್ಬಿಮರಿ ಕುಂತಂಗ ಐತಿ."

"ಒಳಗ ಕುಂತು ನೋಡ್ರಲಾ ಅಮ್ಮಾರ."

"ಹೊರಗಿಂದನ ಇಷ್ಟು ಚಂದ ಕಾಣತೈತಿ. ಒಳಗ ಯಾಕ ಬಿಡ್ರಿ."

ಚಹಾ ಕುಡಿದರು, ಕಾರಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಹೊರಟರು. ಬೀದಿಗೆ ಬಂದ ಮೇಲೆ ಮಗ ಕೇಳಿದ, "ಯಾಕ ಬೇ, ಬ್ಯಾಡೇನು?"

"ಬ್ಯಾಡ ಅಂದ್ನೇನು? ಚಂದ ಐತಿ ಅಂದೆ."

"ಹಂಗಾರ ತಗೊಳ್ಳೂಣು?"

"ತಗೋ ನಮ್ಮಪ್ಪ. ನಾ ಬಸ್ಸಿಗೆ ಬರ್ತೀನಿ."

ನೋಡಿ, ಈ ಮಾತು ಬೀದಿಯಲ್ಲಿ ಆಯಿತು. ಅಂಗಡಿಯೊಳಗೆ ಆಗಲಿಲ್ಲ. ಸಾಹುಕಾರನ ಮುಖಕ್ಕೆ ಯಾರು ಹೇಳುತ್ತಾರೆ? ಹೇಳಿದರೆ ಅವನಿಗೂ ಅವಮಾನ, ಅಜ್ಜಿಯ ಮೊಣಕಾಲಿಗೂ ಅವಮಾನ. ಆದ್ದರಿಂದ ಬಂದವರೆಲ್ಲ ಚಂದ ಐತಿ ಅಂದರು. ಚಂದ ಐತಿ ಅಂದರು, ಚಹಾ ಕುಡಿದರು, ಹೋದರು. ಊರಿನಲ್ಲಿ ಎಲ್ಲರ ಮನೆಯಲ್ಲೂ ಆ ಕಾರಿನ ಫೋಟೋ ಇತ್ತು. ಯಾರ ಮನೆಯ ಮುಂದೂ ಆ ಕಾರು ಇರಲಿಲ್ಲ.

ಸಾಹುಕಾರ ಸುಮ್ಮನೆ ಕುಳಿತವನಲ್ಲ. ಬಣ್ಣ ಸರಿಯಿಲ್ಲವೇನೋ ಎಂದು ಅರಿಸಿನ ಬಣ್ಣ ಬಳಿಸಿದ. ಬರಿಯ ಹಾರ್ನು ತೆಗೆಸಿ ಮಂಗಳವಾದ್ಯ ನುಡಿಸುವ ಹಾರ್ನು ಹಾಕಿಸಿದ. ಕೊನೆಗೆ ವಾಸ್ತು ಹೇಳುವವರನ್ನು ಕರೆಸಿದ. ಅವರು ಅಂಗಡಿಯ ನಡುವೆ ನಿಂತು, ಕಣ್ಣು ಮುಚ್ಚಿ, "ದೋಷ ಬಾಗಿಲದಾಗ ಐತಿ" ಎಂದರು.

ಸತ್ಯ ಅಷ್ಟು ಹತ್ತಿರ ಬಂದಿತ್ತು. ಆದರೆ ಅವರು ಹೇಳಿದ್ದು ಅಂಗಡಿಯ ಬಾಗಿಲನ್ನು. ಸಾಹುಕಾರ ದಕ್ಷಿಣದ ಗೋಡೆ ಮುಚ್ಚಿಸಿ ಪೂರ್ವದ ಗೋಡೆ ಒಡೆಸಿ, ಆನೆ ನುಗ್ಗುವಷ್ಟು ಅಗಲದ ಹೊಸ ಬಾಗಿಲು ಇಡಿಸಿದ. ಅಂಗಡಿಯ ಬಾಗಿಲು ಅಗಲವಾಯಿತು. ಕಾರಿನ ಬಾಗಿಲು? ಅದು ಹಾಗೆಯೇ ಉಳಿಯಿತು.

ಕಾರ್ಖಾನೆಯ ಶೆಡ್ಡಿನಲ್ಲಿ ಮಾರಾಟವಾಗದ ಕಾರುಗಳು ಸಾಲುಗಟ್ಟಿದವು. ಕೆಲಸಗಾರರು ತಮ್ಮತಮ್ಮಲ್ಲೇ ಬೇರೆ ಕೆಲಸದ ಮಾತು ಆಡತೊಡಗಿದರು. ಆಗ ಊರಿನ ಹಿರಿಯ ಹತ್ತಿ ದಲಾಲರ ಮನೆಯಲ್ಲಿ ಮಗನ ಮದುವೆ ಬಂತು. ಮಗ-ಸೊಸೆಗೆ ಒಂದು ಕಾರು ಕೊಡಿಸಬೇಕೆಂದು ದಲಾಲರು ಹೇಳಿದ್ದರು. ಅವರು ಕೊಂಡರೆ ಪೇಟೆಯೇ ಕೊಳ್ಳುತ್ತದೆ. ಅವರು ಬೇಡವೆಂದರೆ ದೀಪಾವಳಿಯ ಪೂಜೆ ಮುಗಿಸಿ ಕಾರ್ಖಾನೆಗೆ ಬೀಗ ಹಾಕುವುದೆಂದು ಸಾಹುಕಾರ ಮನಸ್ಸಿನಲ್ಲೇ ನಿಶ್ಚಯಿಸಿದ. ಮದುವೆಗೆ ಅದೇ ಕಾರಿನಲ್ಲಿ ಹೋಗುವುದು, ಮಂಟಪದ ಮುಂದೆಯೇ ನಿಲ್ಲಿಸುವುದು, ಎಲ್ಲರೂ ನೋಡುವಂತೆ ತಾಯಿಯನ್ನು ಇಳಿಸುವುದು. ಎಂತಹ ಯೋಜನೆ, ನೋಡಿ.

ಹೆಂಡತಿ ಬುದ್ಧಿವಂತೆ. "ರೀ, ನಾ ಆಟೋದಾಗ ಬರ್ತೀನಿ. ಇಸ್ತ್ರಿ ಮಾಡಿದ ಸೀರಿ ಐತಿ" ಎಂದು ಮೊದಲೇ ಹೊರಟುಹೋದಳು. ಮುಂದಿನ ಸೀಟಿನಲ್ಲಿ ಉಡುಗೊರೆಯ ಹಿತ್ತಾಳೆ ಹಂಡೆ ಕುಳಿತಿತು. ಅದು ಹೊರಳಬಾರದೆಂದು ಸಾಹುಕಾರ ಅದಕ್ಕೆ ಬೆಲ್ಟು ಕಟ್ಟಿದ. ನೀಲಗಂಗವ್ವನನ್ನು ಹಿಂದಕ್ಕೆ ಹತ್ತಿಸಿದರು. ಹೇಗೆ ಹತ್ತಿಸಿದರು ಎಂದು ಕೇಳಬೇಡಿ. ನಾವು ಮಠದಲ್ಲಿ ಕುಳಿತಿದ್ದೇವೆ.

ಮಂಟಪದ ಮುಂದೆ ಕಾರು ನಿಂತಿತು. ದಲಾಲರು ಕೈ ಮುಗಿದುಕೊಂಡು ಎದುರಿಗೆ ಬಂದರು. ಸಾಹುಕಾರ ಇಳಿದು, ಮುಗುಳ್ನಕ್ಕು, ಆ ಬದಿಯ ಬಾಗಿಲು ತೆರೆದು ಸೀಟನ್ನು ಬಗ್ಗಿಸಲು ಹೋದ. ಸೀಟು ಬಗ್ಗಲಿಲ್ಲ. ದಾರಿಯ ಕುಲುಕಾಟದಲ್ಲಿ ಹಂಡೆ ಬೆಲ್ಟಿನಿಂದ ನುಸುಳಿ ಮುಂದಕ್ಕೆ ಜಾರಿ ಸೀಟಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಈ ಬದಿಗೆ ಓಡಿಬಂದು ತನ್ನ ಸೀಟನ್ನು ಬಗ್ಗಿಸಿದ. ಅದು ಬಗ್ಗಿತು, ನೀಲಗಂಗವ್ವ ಬಗ್ಗಲಾರಳು.

"ಅವ್ವಾ, ಮೊದಲು ಎಡಗಾಲು ತಗಿ."

"ಅದು ಎಲ್ಲೈತಂತ ನನಗ ಕಾಣವಲ್ದೋ."

"ಹಂಗಾರ ಬಲಗಾಲು ತಗಿ."

"ಅದರ ಮ್ಯಾಲ ನಾನ ಕುಂತೀನಿ."

ಜನ ಸೇರಿದರು. ಜನ ಸೇರಿದ ಮೇಲೆ ಸಲಹೆಗೆ ಕೊರತೆಯೇ? ಒಬ್ಬ "ಜರಾ ಓರೆ ಆಗ್ರಿ ಅಮ್ಮಾರ" ಎಂದ. ಇನ್ನೊಬ್ಬ "ಉಸಿರು ಹಿಡೀರಿ" ಎಂದ. ಮೂರನೆಯವನು, ಹಲಸಿನಹಣ್ಣು ಬಿಡಿಸುವಾಗ ಹಚ್ಚುವಂತೆ, ಬಾಗಿಲಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕೆಂದ. ಈ ಗದ್ದಲದಲ್ಲಿ ನೀಲಗಂಗವ್ವ ಆಸರೆಗೆಂದು ಮುಂದೆ ಚಾಚಿದ ಕೈ ಸ್ಟೇರಿಂಗಿನ ಮೇಲೆ ಬಿತ್ತು, ಮಂಗಳವಾದ್ಯದ ಹಾರ್ನು ಮೊಳಗತೊಡಗಿತು. ಮುಹೂರ್ತವೇ ಬಂತೆಂದು ತಿಳಿದು ಒಳಗಿದ್ದ ಬ್ಯಾಂಡಿನವರು ಬಾರಿಸಲಾರಂಭಿಸಿದರು. ಕೆಲವರು ಅವಸರದಲ್ಲಿ ಕಾರಿನ ಮೇಲೆಯೇ ಅಕ್ಷತೆ ಹಾಕಿದರು.

ಕೊನೆಗೆ ಗುಂಡಿ ಒತ್ತಿದರು. ಹಿಂಬದಿಯ ಗಾಜಿನ ಬಾಗಿಲು ತಾನಾಗಿ, ಮೆಲ್ಲಗೆ, ಬಹಳ ಅಂದವಾಗಿ ಮೇಲಕ್ಕೆ ಎದ್ದಿತು. ಹಿಂದಿನ ಸೀಟಿನ ಬೆನ್ನನ್ನು ಹಿಂದಕ್ಕೆ ಮಲಗಿಸಿ, ಮಂಟಪದ ಜಮಖಾನವನ್ನು ಒಳಗೆ ತೂರಿಸಿ, ನಾಲ್ಕಾರು ಗಂಡಸರು ಅದರ ಅಂಚು ಹಿಡಿದು ಎಳೆದರು. ಸಾಮಾನು ಇಳಿಯುವ ಬಾಗಿಲಿನಿಂದ ಸಾಹುಕಾರನ ತಾಯಿ ಇಳಿದಳು.

ಯಾರೂ ನಗಲಿಲ್ಲ. ಎಲ್ಲರೂ ನಗುವನ್ನು ಹಲ್ಲಿನ ಹಿಂದೆ ಹಿಡಿದು ನಿಂತರು. ಏನಾದರೂ ಹೇಳಲೇಬೇಕಲ್ಲ ಎಂದು ದಲಾಲರು ಗಂಟಲು ಸರಿಮಾಡಿಕೊಂಡು ಹೇಳಿದರು, "ಗಾಡಿ ಚಂದ ಐತ್ರಿ ಸಾಹುಕಾರ್ರ."

ನೀಲಗಂಗವ್ವ ಜಮಖಾನದ ಮೇಲೆ ಕುಳಿತಲ್ಲೇ ಸೆರಗು ಸರಿಮಾಡಿಕೊಂಡಳು. "ಚಂದ ಐತಿ ಅನ್ಕೋಂತನ ನನ್ನ ಮಗನ್ನ ಹಾಳು ಮಾಡೀರಿ ನೀವು" ಎಂದಳು. ಆಮೇಲೆ ಮಗನ ಕಡೆ ತಿರುಗಿದಳು.

"ತಮ್ಮಾ, ಈ ಗಾಡಿ ಮಾಡುವಾಗ ಹಿಂದ ಯಾರು ಕುಂಡ್ರತಾರಂತ ತಿಳಿದಿದ್ದಿ?"

"ಯಾರಾರ ಕುಂಡ್ರತಾರಂತ, ಅವ್ವಾ."

"ಆ ಯಾರಾರ ಅಂದ್ರ ನಾನ ಅಲ್ಲೇನೋ?"

ಸಾಹುಕಾರ ತಲೆ ತಗ್ಗಿಸಿದ. "ಮೊದಲನೇ ದಿನನ ನೀ ಹೇಳಬಾರದಿತ್ತೇನ್ ಬೇ? ಪೂಜಿ ಮಾಡಿದಾಕಿ ನೀನ."

"ಆರತಿ ಮಾಡಾಕ ಕರದಿದ್ದಿ. ಕುಂಡ್ರಾಕ ಕರದಿರ್ಲಿಲ್ಲ."

ಮದುವೆ ಮುಗಿಯಿತು. ದಲಾಲರು ಕಾರಿನ ಮಾತನ್ನೇ ಎತ್ತಲಿಲ್ಲ. ಮರಳುವಾಗ ಸಾಹುಕಾರನ ಹೆಂಡತಿ ಸ್ಟೇರಿಂಗ್ ಹಿಡಿದಳು. ಹಂಡೆ ಇಳಿದ ಸೀಟಿನಲ್ಲಿ ನೀಲಗಂಗವ್ವ ಕುಳಿತಳು. ಸಾಹುಕಾರ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಅಂದು ಮೊದಲ ಸಲ ಕುಳಿತ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ತಲೆ ಮೇಲಕ್ಕೆ ಬಡಿಯುತ್ತಿತ್ತು.

"ಉಸಿರು ಕಟ್ಟಾಕ ಹತ್ತೈತಿ" ಎಂದ.

"ಕಿಟಕಿ ತಗೀರಿ" ಎಂದಳು ಹೆಂಡತಿ.

"ಇದು ತಗಿಯಾಕ ಬರೂದಿಲ್ಲ. ಬರೇ ಗಾಜು."

"ಯಾರು ಮಾಡ್ಯಾರ್ರೀ ಹಂಗ?"

ಮನೆಯ ಮುಂದೆ ಕಾರು ನಿಂತ ಮೇಲೆ ಅವನು ಇಳಿಯಲಿಕ್ಕೆ ಎಷ್ಟು ಹೊತ್ತು ಹಿಡಿಯಿತು, ಯಾವ ಬಾಗಿಲಿನಿಂದ ಇಳಿದ ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ಕಾರ್ಖಾನೆಗೆ ಬೀಗ ಬಿತ್ತೇ? ಬೀಳಲಿಲ್ಲ. ಸಾಹುಕಾರ ಮರುದಿನವೇ ತಂದೆಯ ಟ್ರೇಲರ್ ಕೆಲಸವನ್ನು ಮತ್ತೆ ಶುರುಮಾಡಿಸಿದ. ಅದರ ಬಲದ ಮೇಲೆ ಕಾರಿನ ಪಕ್ಕ ಕತ್ತರಿಸಿ ನಾಲ್ಕು ಬಾಗಿಲು ಇಡಿಸಿದ, ಬೆನ್ನನ್ನು ಎತ್ತರಿಸಿದ, ಹಿಂದಿನ ಗಾಜು ಇಳಿಯುವಂತೆ ಮಾಡಿದ. ಕಾರು ಮೊದಲಿನಷ್ಟು ಚಂದ ಇತ್ತೇ? ಖಂಡಿತ ಇರಲಿಲ್ಲ. ಗುಬ್ಬಿಮರಿ ಹೋಗಿ ಬಾತುಕೋಳಿ ಆಗಿತ್ತು. ಮೊದಲು ಬಂದು ಹೋಗಿದ್ದ ಆ ಅಜ್ಜಿಯನ್ನು ಅವನೇ ಹೋಗಿ ಕರೆತಂದ. ಅಜ್ಜಿ ಹಿಂದಿನ ಸೀಟಿಗೆ ಹತ್ತಿದಳು. ಕಾಲು ಚಾಚಿದಳು. ಈ ಸಲ ಚಂದ ಐತಿ ಎನ್ನಲಿಲ್ಲ. ಎಲೆಯಡಿಕೆಯ ಚೀಲ ಬಿಚ್ಚುತ್ತ, "ನಡೀರಿ, ಹೋಗೂಣು" ಎಂದಳು. ಆ ಮಾತು ಕೇಳಿ ಸಾಹುಕಾರನ ಕಣ್ಣು ತುಂಬಿತು.

ನಕ್ಕಿರಿ. ಚೆನ್ನಾಗಿ ನಕ್ಕಿರಿ. ಈಗ ನಾನು ನಿಮ್ಮ ಮನೆಗೆ ಬರುತ್ತೇನೆ.

ನಿಮ್ಮ ಸಂಸಾರವೂ ಒಂದು ಗಾಡಿಯೇ. ಹೊರಗಿನಿಂದ ನೋಡಿದವರೆಲ್ಲ ಚಂದ ಐತಿ ಎನ್ನುತ್ತಾರೆ. ಗೋಡೆಗೆ ಬಣ್ಣವಿದೆ, ಬಾಗಿಲಿಗೆ ತೋರಣವಿದೆ, ಪೂಜೆ ಬಿಡದೆ ನಡೆಯುತ್ತದೆ. ಆದರೆ ಆ ಗಾಡಿಯ ಹಿಂದಿನ ಸೀಟಿನಲ್ಲಿ ಯಾರಿದ್ದಾರೆ? ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆ ಇದ್ದಾಳೆ. ಅವಳು ಉಣ್ಣುವ ಹೊತ್ತಿಗೆ ಪಲ್ಯ ಉಳಿದಿರುತ್ತದೆಯೇ? ನೀವು ನೋಡಿದ್ದೀರಾ? ನಿಮ್ಮ ಅಡುಗೆಮನೆಗೆ ಕಿಟಕಿ ಇದೆಯೇ? ಇದ್ದರೆ ಅದು ತೆರೆಯುತ್ತದೆಯೇ, ಅಥವಾ ಬರಿಯ ಗಾಜೇ? ತಾಯಿಯನ್ನು ಆರತಿಗೆ ಕರೆಯುತ್ತೀರಿ. ಕೂರಲು ಕರೆದದ್ದು ಯಾವಾಗ? ಅವರು ಏನೂ ಹೇಳುವುದಿಲ್ಲವಲ್ಲ ಎನ್ನಬೇಡಿ. ಅವರು ಚಂದ ಐತಿ ಎನ್ನುತ್ತಾರೆ. ಹಾಗೆಂದು ಬಾಯಲ್ಲಿ ಹೇಳಿ, ಕೈಯಲ್ಲಿ ಮೊಣಕಾಲು ಸವರಿಕೊಳ್ಳುತ್ತಾರೆ. ಬಾಯಿಯನ್ನು ಬಿಡಿ, ಕೈಯನ್ನು ನೋಡಿ.

ನಾಳೆ ಒಂದು ದಿನ, ಮನೆಯ ಯಜಮಾನರೇ, ನೀವು ಕೊನೆಗೆ ಉಣ್ಣಿ. ಅಡುಗೆಮನೆಯ ಹೊಸ್ತಿಲ ಪಕ್ಕ, ಆಕೆ ಕೂರುವ ಜಾಗದಲ್ಲೇ ಕುಳಿತು, ಉಳಿದದ್ದನ್ನು ಉಣ್ಣಿ. ದಯೆಯ ಮೇಲೆ ನಾನು ಶ್ರಾವಣವೆಲ್ಲ ಮಾತನಾಡಿದರೂ ಹೇಳಲಾರದ್ದನ್ನು ಆ ಒಂದು ಊಟ ಹೇಳುತ್ತದೆ.

ನಾಳೆಯದು ನಾಳೆಗಿರಲಿ, ಇವತ್ತಿನದು ಇಲ್ಲಿಯೇ ಇದೆ. ಮುಂದಿನ ಸಾಲಿಗೆ ಕುರ್ಚಿ ಇದೆ, ಎದುರಿಗೆ ಫ್ಯಾನು ಇದೆ. ಹಿಂದೆ ಕಂಬವಿದೆ, ಸೆಕೆ ಇದೆ, ಬರಿಯ ನೆಲವಿದೆ. ಮಂಗಳಾರತಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಮುಂದೆ ಕುಳಿತ ಹಿರಿಯರೇ, ದಯವಿಟ್ಟು ಎದ್ದು ಕಂಬದ ಹಿಂದೆ ಹೋಗಿ ಕುಳಿತುಕೊಳ್ಳಿ. ಅಲ್ಲಿರುವ ತಾಯಂದಿರು ಇಲ್ಲಿ ಬರಲಿ. ಫ್ಯಾನನ್ನು ಯಾರೂ ತಿರುಗಿಸಬೇಡಿ. ಅದು ಇದ್ದಲ್ಲೇ ಇರಲಿ. ಏಳಿ, ಸಾಹುಕಾರ್ರೇ, ನೀವೂ ಏಳಿ. ನಿಧಾನ. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು.

ಕುಳಿತಿರಾ, ಕಂಬದ ಹಿಂದೆ? ಈಗ ಹೇಳಿ. ನನ್ನ ಮಾತು ನಿಮಗೆ ಕೇಳಿಸುತ್ತಿದೆಯೇ?